ನನ್ನದೇ ಪ್ರಸ್ತಾವನೆ

ಫೆಬ್ರವರಿ 3, ಸೋಮವಾರ

ಮತ್ತೆ ತರಬೇತಿ. ಮತ್ತೆ ಅದೇ ಟೀ ಶರ್ಟ್ — ಎದೆ ಮೇಲೆ 'ಯುವ ನಾಯಕಿ', ಬೆನ್ನ ಮೇಲೆ ದಾನಿಗಳ ಲೋಗೋ. ಹಳೇವೆಲ್ಲ ಈಗ ಅತ್ತಿಗೆಯ ನೆಲ ಒರೆಸುವ ಬಟ್ಟೆ. 'ಬದಲಾವಣೆ ತರುವುದು ಹೇಗೆ' ಅಂತ ಮಧ್ಯಾಹ್ನದವರೆಗೂ ಗೋಡೆಗೆ ಬಣ್ಣದ ಚೀಟಿ ಅಂಟಿಸಿದೆವು. ಅಷ್ಟರಲ್ಲಿ ಫೋನಿನ ಮೇಲೆ ಫೋನು. ಕ್ಯಾಪ್ಟನ್!

ಹೊಳೆ ಉಕ್ಕಿ ಮನೆ ಕಳೆದುಕೊಂಡ ಇನ್ನೂರು ಕುಟುಂಬ. ಹಳೇ ಮಿಲ್ಲಿನ ಅಂಗಳ, ಟಾರ್ಪಾಲು, ಒಂದೂವರೆ ವರ್ಷ. ಆ ಶಿಬಿರದಲ್ಲೆಲ್ಲ ದೊಡ್ಡ ಬಾಯಿ ಈ ಹೆಂಗಸಿನದು. ಕ್ಯಾಪ್ಟನ್ ಅಂತ ಹೆಸರಿಟ್ಟವಳು ನಾನೇ, ಮನಸ್ಸಿನಲ್ಲಿ. ಶಿಬಿರದ ಉಸ್ತುವಾರಿ ಅಧಿಕಾರಿಯೂ ನಾನೇ. ಆರಾರು ತಿಂಗಳ ಕಾಂಟ್ರ್ಯಾಕ್ಟು.

"ಟ್ಯಾಂಕರ್ ಬಂದು ನಿಂತಿದೆ. ನೀವು ಬರೋ ತನಕ ನಾವು ಕೊಡ ಹಿಡ್ಕೊಂಡು ಬಿಸಿಲಲ್ಲಿ ಒಣಗ್ಬೇಕಾ?"

ಒಣಗಬೇಕು. ಅಧಿಕಾರಿ ಇಲ್ಲದೆ ನಲ್ಲಿ ತಿರುಗಿಸುವ ಹಾಗಿಲ್ಲ, ನಿಯಮ. ಅದನ್ನೇ ಬದಲಾಯಿಸಿ ಅಂತ ಒಂದು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಉಸ್ತುವಾರಿ ಶಿಬಿರದವರಿಗೇ ಬಿಡಿ, ಅವರೇ ಆರಿಸಿದವರಿಗೆ ಸಂಬಳ ಕೊಡಿ ಅಂತ. ಪ್ರಸ್ತಾವನೆ ಬರೆದೆ, ತಿದ್ದಿದೆ, ಮತ್ತೆ ಬರೆದೆ. ಕೇಳುವವರು ಯಾರು?

ಫೆಬ್ರವರಿ 5

ಅಣ್ಣನ ಮನೆಯ ಹಾಲ್‌ನಲ್ಲಿ ಮಲಗಲು ಶುರುಮಾಡಿ ಮೂರು ವರ್ಷ. ಅಣ್ಣ ಟಿವಿ ಆರಿಸಿದ ಮೇಲೆಯೇ ನನಗೆ ನಿದ್ದೆ. ಕೆಲಸ ಖಾಯಂ ಆದರೆ ಬಾಡಿಗೆಗೆ ಒಂದು ರೂಮು — ಬಾಗಿಲಿರುವ ರೂಮು. ಬೇರೆ ಏನೂ ಬೇಡ.

"ಊರಿಗೆಲ್ಲ ಸೂರು ಮಾಡ್ಕೊಡೋಕೆ ಓಡಾಡ್ತೀಯ, ನಿಂಗೇ ಒಂದು ಬಾಗಿಲಿಲ್ಲ ನೋಡು," ಅಂದರು ಅತ್ತಿಗೆ, ಚಾದರ ಕೊಡುತ್ತ. ಕುಹಕ ಇದ್ದರೆ ಜಗಳವಾಡಬಹುದಿತ್ತು. ಪಾಪ, ಕುಹಕವೂ ಇರಲಿಲ್ಲ.

ಫೆಬ್ರವರಿ 12

ಪ್ರಸ್ತಾವನೆ ಪಾಸಾಯಿತು! ಸಭೆಯಲ್ಲಿ ಸಂಸ್ಥೆಯ ಡೈರೆಕ್ಟರ್ ಸರ್ ಎದ್ದು ನಿಂತು ಹೊಗಳಿದರು. ಯುವಜನರಿಂದ ಕಲಿಯಬೇಕಂತೆ. ಆಮೇಲೆ ಅದೇ ಉಸಿರಿನಲ್ಲಿ —

"ಹೊಸ ಹುದ್ದೆಗೆ ಹಣ ಇಲ್ಲ. ಇವರ ಹುದ್ದೆಯನ್ನೇ ಶಿಬಿರಕ್ಕೆ ಬಿಟ್ಟುಕೊಟ್ಟರಾಯ್ತು. ಏಪ್ರಿಲ್‌ನಿಂದ ಅದೇ ಖಾಯಂ ಹುದ್ದೆ, ಅವರು ಆರಿಸಿದವರಿಗೆ. ಐಡಿಯಾ ಇವರದೇ ಅಲ್ವಾ?"

ಚಪ್ಪಾಳೆ. ನಾನೂ ತಟ್ಟಿದೆ. ಎಲ್ಲರೂ ತಟ್ಟುತ್ತಿರುವಾಗ ಕೈ ಕಟ್ಟಿ ಕೂರುವುದು ಹೇಗೆ?

ಫೆಬ್ರವರಿ 20

ಎಂಟು ದಿನ ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇವತ್ತು ಸರ್ ಕರೆದರು. ಬಾಗಿಲು ಹಾಕಿಸಿದರು. "ಒಂದು ದಾರಿ ಇದೆ. 'ಉಸ್ತುವಾರಿ' ಅನ್ನೋದನ್ನ ತೆಗೆದು 'ಸಲಹಾ ಸಮಿತಿ' ಅಂತ ಹಾಕಿ. ಅವರು ಸಲಹೆ ಕೊಡ್ಲಿ, ಕೆಲಸ ನೀವು ನೋಡ್ಕೊಳ್ಳಿ. ಖಾಯಂ ಹುದ್ದೆ ನಿಮಗೇ. ಮುಂದಿನ ಶುಕ್ರವಾರದೊಳಗೆ ತಿದ್ದಿ ಕೊಡಿ."

ಒಂದೇ ಪದ. ಜೀಪಿನಲ್ಲಿ ವಾಪಸ್ ಬರುವಾಗಲೇ ಮನಸ್ಸಿನಲ್ಲಿ ರೂಮಿಗೆ ಪರದೆ ಆರಿಸುತ್ತಿದ್ದೆ... ನಾಚಿಕೆಯೂ ಆಗಲಿಲ್ಲ.

ಫೆಬ್ರವರಿ 24, ಸಂಜೆ

ಸಿಕ್ಕಿಬಿದ್ದಳು ಕ್ಯಾಪ್ಟನ್! ನಾನು ಬರುವುದು ತಡವಾಯಿತು ಅಂತ ತಾನೇ ನಲ್ಲಿ ತಿರುಗಿಸಿದ್ದಾಳೆ. ತನ್ನ ತಂಗಿಯ ಕೊಡಗಳನ್ನು ಮೊದಲು ತುಂಬಿಸಿದ್ದಾಳೆ. ಸಾಲಿನಲ್ಲಿದ್ದವರೆಲ್ಲ ಕೂಗಾಟ. ನನಗೆ ಒಳಗೊಳಗೇ ಖುಷಿ. ನೋಡಿ, ಇವರ ಕೈಗೆ ಕೊಟ್ಟರೆ ಹೀಗಾಗುತ್ತೆ ಅಂತ ತಿದ್ದಿದ ಪ್ರತಿಗೆ ಕಾರಣ ಬರೆಯಬಹುದಲ್ಲ.

"ಇದು ಸರೀನಾ?" ಅಂತ ಜೋರು ಮಾಡಿದೆ.

"ಸರಿ ಅಲ್ಲ. ಮಾಡಿದೆ," ಅಂದಳು, ಸೊಂಟದ ಮೇಲೆ ಕೈಯಿಟ್ಟು. "ಇವ್ರೆಲ್ಲ ನನ್ನ ಬೈತಿದ್ದಾರಲ್ಲ, ಕೇಳಿಸ್ತಿಲ್ವಾ? ನೀವು ದಿನಾ ತಡ ಮಾಡಿ ಬರ್ತೀರಿ. ನಿಮ್ಮನ್ನ ಬೈಯೋಕೆ ನಾವು ಯಾರ ಹತ್ರ ಹೋಗ್ಬೇಕು?"

ದೂರು ಪೆಟ್ಟಿಗೆ ಇದೆ ಅಂದೆ. ಅದರ ಬೀಗದ ಕೈ ಇರುವುದೂ ನನ್ನ ಬ್ಯಾಗಿನಲ್ಲೇ. ದರಿದ್ರ ಹೆಂಗಸು.

ಫೆಬ್ರವರಿ 26

ಕ್ಯಾಪ್ಟನ್ ಸಾಲಿನ ಕಟ್ಟಕಡೆಯಲ್ಲಿ! ಮುಖ ಗಂಟು ಹಾಕಿಕೊಂಡು, ಎರಡು ಕೊಡ ಹಿಡಿದು, ಯಾರನ್ನೋ ಬೈಯುತ್ತ. ಪಕ್ಕದ ಟಾರ್ಪಾಲಿನ ಟೈಲರ್ ಹೊಲಿಗೆ ನಿಲ್ಲಿಸದೆಯೇ ಹೇಳಿದ — "ನಾವೇ ಕೂತು ಮಾತಾಡಿದ್ವಿ ಮೇಡಂ. ಒಂದು ವಾರ ಅವಳು, ಅವಳ ತಂಗಿ, ಇಬ್ಬರೂ ಕೊನೇಲಿ."

ನನಗೇಕೆ ತಿಳಿಸಲಿಲ್ಲ ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಇದಲ್ಲವೇ ನಾನು ಬರೆದದ್ದು? ಉದ್ದುದ್ದ ವಾಕ್ಯಗಳಲ್ಲಿ, ಅಡಿಟಿಪ್ಪಣಿ ಸಮೇತ? ಹಾಳಾದ್ದು, ನಿಜವಾಗಿಬಿಟ್ಟಿದೆ. ಈಗ ಯಾವ ಮುಖದಿಂದ ತಿದ್ದಲಿ?

ಫೆಬ್ರವರಿ 28, ಶುಕ್ರವಾರ

ತಿದ್ದಲಿಲ್ಲ, ಇದ್ದ ಹಾಗೇ ಕೊಟ್ಟೆ. "ನಿಮಗೇನು ತಲೆ ಕೆಟ್ಟಿದೆಯಾ?" ಅಂದರು ಸರ್. ಇರಬಹುದು ಅಂದೆ.

ಮೆಟ್ಟಿಲಿಳಿಯುವಷ್ಟರಲ್ಲಿ ವಾಪಸ್ ಓಡಿಹೋಗಿ ಕಾಗದ ಕಿತ್ತುಕೊಳ್ಳೋಣ ಅನ್ನಿಸಿತು. ಎರಡು ಸಲ ತಿರುಗಿದೆ. ಕೊನೆಗೆ ವಾಚ್‌ಮನ್ "ಏನಾದ್ರೂ ಮರೆತ್ರಾ ಮೇಡಂ?" ಅಂದ. ಇಲ್ಲ ಅಂದುಬಿಟ್ಟೆ.

ಮಾರ್ಚ್ 30, ಭಾನುವಾರ. ಬಸ್ಸಿನಲ್ಲಿ

ಇವತ್ತು ಹೊಸ ಉಸ್ತುವಾರಿಯ ಆಯ್ಕೆ. ಮಿಲ್ಲಿನ ಅಂಗಳದಲ್ಲಿ ಎಲ್ಲರೂ ನೆಲದ ಮೇಲೆ. ನಿಂತದ್ದು ಇಬ್ಬರು, ಟೈಲರ್ ಮತ್ತು ಕ್ಯಾಪ್ಟನ್. ಶಿಬಿರದವಳಲ್ಲವಲ್ಲ, ನನಗೆ ವೋಟಿಲ್ಲ. ಆದರೂ ಟೈಲರೇ ಗೆಲ್ಲಲಿ ಅಂತ ಬೇಡಿಕೊಂಡೆ. ಮೆತ್ತಗಿನ ಮನುಷ್ಯ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಕೈ ಎತ್ತಿಸಿದರು. ಜಗಳವಾಯಿತು. ಮತ್ತೆ ಎತ್ತಿಸಿದರು. ಕ್ಯಾಪ್ಟನ್ ಗೆದ್ದಳು.

ಬೀಗದ ಕೈಗಳ ಗೊಂಚಲು ಕೊಟ್ಟೆ. ಥ್ಯಾಂಕ್ಸ್ ಅನ್ನುತ್ತಾಳೆ ಅಂದುಕೊಂಡಿದ್ದೆ — ಎಷ್ಟು ದಡ್ಡಿ ನಾನು. ಒಂದೊಂದೇ ಬೀಗದ ಕೈ ಹಿಡಿದು ಇದು ಯಾವುದರದು, ಇದು ಯಾವುದರದು ಅಂತ ಕೇಳಿದಳು. ಆಮೇಲೆ ಎಲ್ಲರ ಮುಂದೆ, ಜೋರಾಗಿ —

"ಮೇಡಂ, ಇನ್ಮೇಲೆ ಬರೋ ಮುಂಚೆ ಒಂದು ಫೋನ್ ಮಾಡಿ ಬನ್ನಿ."

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಗೇಟು ದಾಟುವವರೆಗೂ ನಗುತ್ತಲೇ ಇದ್ದೆ. ಬಸ್ಸು ಹತ್ತಿದ ಮೇಲೆ ಅಳು. ದುಃಖದ್ದಲ್ಲ, ಸಿಟ್ಟಿನದು. ಯಾರ ಮೇಲೆ ಅಂತ ಕೇಳಿದರೆ ಹೇಳಲಾರೆ. ಒಂದು ವರ್ಷ ಬಾಯಿ ಬಡಿದುಕೊಂಡದ್ದು ಇದಕ್ಕೇ. ಅವಳಿಗೆ ಈ ಮಾತು ಹೇಳುವ ಹಕ್ಕಿರಬೇಕು ಅಂತಲೇ. ಸಿಕ್ಕಿತು. ಸಿಕ್ಕ ದಿನ ಇಷ್ಟು ಉರಿಯುತ್ತದೆ ಅಂತ ಒಂದು ತರಬೇತಿಯಲ್ಲಾದರೂ ಹೇಳಿಕೊಡಬಾರದಿತ್ತೇ?

ಮುಂದಿನದೇ ನನ್ನ ಸ್ಟಾಪು. ಇವತ್ತು ಮನೆಯಲ್ಲಿ ಹೇಳಲೇಬೇಕು. ಕೆಲಸ ಹೋಯಿತು ಅಂತ ಶುರುಮಾಡಲೋ, ಗೆದ್ದೆ ಅಂತಲೋ... ಇಲ್ಲ, ಮೊದಲು ಅತ್ತಿಗೆಯನ್ನು ಕೂರಿಸಿ — ಸ್ಟಾಪು ಬಂತು.