ಎರಡು ಚುಕ್ಕಿಯ ಟ್ಯಾಂಕು ಮಾಡಿದವರಿಗೆ

ಕಡಲು ಉಕ್ಕಿ ನೆಲದ ಮೇಲೇರಿದ ಇನ್ನೂರ ಹದಿನಾಲ್ಕನೇ ವರ್ಷ, ಉಬ್ಬರದ ತಿಂಗಳ ಮೂವತ್ತಾರನೇ ದಿನ.

ವಾಹನಗಳ ಪ್ಲಾಸ್ಟಿಕ್ ಟ್ಯಾಂಕಿನ ಒಳಗೆ ಕಂಬ ಕೂರಿಸುವ ಕೆಲಸದಲ್ಲಿರುವ, ಹೆಸರು ಗೊತ್ತಿಲ್ಲದ ನಿಮಗೆ, ಅಳಿವೆಯ ಹೊರಕೇರಿಯಿಂದ ಬುದವಂತಿ ಬರೆಯುವುದು. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳು ಸಮುದ್ರ ಹೇಳಿದಷ್ಟು ಉದ್ದ; ಕೆಲವು ನಲವತ್ತು ದಿನವೂ ಎಳೆಯುತ್ತವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ. ಪೆಟ್ರೋಲ್ ಎಂದರೆ ಏನೋ ಕುಡಿಯುವ ವಸ್ತುವಿರಬೇಕು ಎಂದು ನಮ್ಮ ಮಕ್ಕಳು ಇವತ್ತಿಗೂ ವಾದಿಸುತ್ತಾರೆ. ಬರೀ ಅದನ್ನು ತುಂಬುವುದಕ್ಕೆ ನೀವು ಇಷ್ಟು ಗಟ್ಟಿ ಪಾತ್ರೆ ಮಾಡಿದಿರಿ ಎಂದರೆ ನನಗೂ ನಂಬುವುದು ಕಷ್ಟ.

ನಿಮ್ಮನ್ನು ಹೊಗಳುವುದಕ್ಕೆ ಬರೆಯುತ್ತಿಲ್ಲ. ನನ್ನ ಮೊಮ್ಮಗಳು ಸೋಮಿ ನೀವು ಮಾಡಿದ ಟ್ಯಾಂಕುಗಳ ಮೇಲೆ ಸಂಸಾರ ಹೂಡಿದ್ದಾಳೆ. ಅವು ಬರುವ ಮಳೆಗಾಲವನ್ನು ತಡೆಯುತ್ತವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ತೀರ್ಮಾನಿಸುವವರು ನೀವೊಬ್ಬರೇ.

ನಮ್ಮಲ್ಲಿ ನೆಲ ಇಲ್ಲ. ಇರುವ ನೆಲ ಘಟ್ಟದ ಮೇಲಿನವರದು, ಅವರು ನಮ್ಮನ್ನು ಹತ್ತಗೊಡುವುದಿಲ್ಲ. ಹಾಗಾಗಿ ಅಳಿವೆಯ ನೀರಿನ ಮೇಲೇ ತೇಲಂಗಳ ಕಟ್ಟಿಕೊಂಡು ಬದುಕುತ್ತೇವೆ. ತೇಲಂಗಳವೆಂದರೆ ಬಿದಿರಿನ ಹಾಸು, ಅದರ ಮೇಲೆ ಗುಡಿಸಲು, ಕೆಳಗೆ ನಿಮ್ಮ ಟ್ಯಾಂಕುಗಳು. ಟ್ಯಾಂಕಿಗೆ ನಾವು ಒಡಲು ಎನ್ನುತ್ತೇವೆ. ನಿಮ್ಮ ಕಾಲದ ವಾಹನಗಳನ್ನು ರಾಶಿ ಹಾಕಿದ ಗುಜರಿಗುಡ್ಡದಿಂದ ಅಗೆದು ತರುತ್ತಾರೆ. ಅಲ್ಲಿ ಕಬ್ಬಿಣವೆಲ್ಲ ಮಣ್ಣಾಗಿದೆ. ಈ ಕಪ್ಪು ಒಡಲುಗಳು ಮಾತ್ರ ಹಾಗೇ ಉಳಿದಿವೆ. ಬಾಯಿಗೆ ರಾಳ ಮೆತ್ತಿ ಮುಚ್ಚಿ, ಹಗ್ಗದ ಬಲೆಯಲ್ಲಿ ಬಿಗಿದು ಹಾಸಿನ ಕೆಳಗೆ ಕಟ್ಟುತ್ತೇವೆ. ಬೆಳಿಗ್ಗೆ ಎದ್ದ ಹೆಂಗಸರು ಮೊದಲು ಒಲೆ ಹಚ್ಚುವುದಿಲ್ಲ, ನೀರಿಗೆ ಕೈ ಇಳಿಸಿ ಒಡಲು ತಡವಿ ನೋಡುತ್ತಾರೆ, ಪಾಚಿ ಕೆರೆಯುತ್ತಾರೆ. ಗಂಡಸರು ಮೀನಿಗೆ ಹೋಗುತ್ತಾರೆ, ಇಲ್ಲವೇ ಹೋಗುತ್ತೇವೆಂದು ಹೇಳಿ ಪಕ್ಕದ ತೇಲಂಗಳದಲ್ಲಿ ಕೂತು ಹರಟೆ ಹೊಡೆಯುತ್ತಾರೆ. ಈ ವಿಷಯದಲ್ಲಿ ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ಹೆಚ್ಚಿನ ವ್ಯತ್ಯಾಸ ಇರಲಾರದು. ನನ್ನ ಕಸುಬು ಒಡಲುನೋಟ. ಗುಡ್ಡದಿಂದ ಬಂದದ್ದನ್ನು ತಟ್ಟಿ, ಮೊಣಕಾಲಿನಲ್ಲಿ ಅದುಮಿ, ಅಲ್ಲಾಡಿಸಿ, ಮನೆ ಹೊರಬಲ್ಲದೋ ಇಲ್ಲವೋ ಹೇಳಬೇಕು. ಸತ್ತ ಒಡಲನ್ನು ಕೊಯ್ದು ನೋಡುವುದೂ ನನ್ನದೇ ಕೆಲಸ.

ಕೊಯ್ದು ನೋಡಿಯೇ ನಿಮ್ಮ ಕೆಲಸ ನನಗೆ ಅರ್ಥವಾದದ್ದು. ಒಳಗೆ ಗಿಡ್ಡ ಕಂಬಗಳಿವೆ, ಅಡ್ಡಗೋಡೆಗಳಿವೆ. ಹೊರಗಿನಿಂದ ಒಂದು ತೂತೂ ಕೊರೆಯದೆ, ಒಂದು ಮೊಳೆಯೂ ಹೊಡೆಯದೆ ಅವನ್ನು ಒಳಗೆ ಕೂರಿಸಿದ್ದೀರಿ. ಇದು ಭೂತದ ಕೆಲಸವೆಂದೇ ನನ್ನ ಅವ್ವ ಕಡೆಯವರೆಗೂ ನಂಬಿದ್ದಳು. ಭೂತಕ್ಕೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಇನ್ನೂ ಬಿಸಿಯಾಗಿ, ಮೆತ್ತಗೆ, ಕೊಳವೆಯಾಗಿ ಮೇಲಿನಿಂದ ಇಳಿಯುವಾಗಲೇ ಕಂಬ ಅದರ ನಡುವೆ ನಿಂತಿರುತ್ತದೆ; ಅಚ್ಚು ಎರಡು ಕಡೆಯಿಂದ ಮುಚ್ಚಿಕೊಂಡಾಗ ಕಂಬದ ಪಾದವನ್ನು ಗೋಡೆಗೆ ಒತ್ತುತ್ತೀರಿ. ಪಾದದಲ್ಲಿ ಸಣ್ಣ ತೂತುಗಳಿವೆ. ಗೋಡೆ ಬಿಸಿಯಿದ್ದರೆ ಆ ತೂತುಗಳೊಳಗಿಂದ ಪ್ಲಾಸ್ಟಿಕ್ ಉಕ್ಕಿ ಬಂದು, ಮೇಲೆ ಹರಡಿ, ಪಾದವನ್ನು ಕಚ್ಚಿ ಹಿಡಿಯುತ್ತದೆ. ತುಸು ತಡವಾದರೆ ಗೋಡೆ ಕೆನೆ ಕಟ್ಟುತ್ತದೆ. ಆರಿದ ಬೆಲ್ಲದ ಪಾಕದ ಮೇಲೆ ಶೇಂಗಾ ಇಟ್ಟ ಹಾಗೆ, ಕಂಬ ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ.

ನಿಮಗೆ ಆ ಕಂಬ ಏತಕ್ಕೆ ಬೇಕಿತ್ತೋ, ನಮಗೆ ಅದು ಜೀವ. ಬೇಸಿಗೆಯಲ್ಲಿ ಒಡಲೊಳಗಿನ ಗಾಳಿ ಉಬ್ಬುತ್ತದೆ, ಮಳೆಗಾಲದ ತಂಪಿಗೆ ಕುಗ್ಗುತ್ತದೆ. ಮೇಲಿಂದ ಮನೆಯ ಭಾರ, ಕೆಳಗಿಂದ ಅಲೆ. ಇಷ್ಟರ ನಡುವೆ ಮೇಲಿನ ಗೋಡೆಯನ್ನೂ ಕೆಳಗಿನ ಗೋಡೆಯನ್ನೂ ಹಿಡಿದಿಡುವುದು ಆ ಕಂಬ ಒಂದೇ. ಪಾದ ಬಿಟ್ಟುಕೊಂಡರೆ ಗೋಡೆ ಒಳಕ್ಕೆ ಮಡಚಿಕೊಳ್ಳುತ್ತದೆ, ಮಡಚಿದಲ್ಲಿ ಸೀಳುತ್ತದೆ, ನೀರು ಸೇರುತ್ತದೆ. ಒಂದು ಮುಳುಗಿದರೆ ಅದರ ಭಾರವೂ ಪಕ್ಕದವುಗಳ ಮೇಲೆ. ಆಮೇಲೆ ಮನೆ ಮಗುಚಲು ಹೆಚ್ಚು ಹೊತ್ತು ಬೇಡ.

ಈಗ ನಿಮ್ಮ ಗುರುತಿನ ವಿಷಯ. ಪ್ರತಿ ಒಡಲಿನ ಬೆನ್ನ ಮೇಲೆ ಉಬ್ಬಿದ ಚುಕ್ಕಿಗಳಿರುತ್ತವೆ: ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ನಿಮ್ಮಲ್ಲಿ ಅದು ಪಾಳಿಯ ಗುರುತೋ ಅಚ್ಚಿನ ಗುರುತೋ ಇದ್ದೀತು. ನಮ್ಮವರು ಎರಡು ಚುಕ್ಕಿ ಎಂದರೆ ಗಂಡ ಹೆಂಡತಿ ಎಂದುಕೊಂಡರು. ಹಾಗೆಂದು ಮೊದಲು ಹೇಳಿದವರ ನಾಲಿಗೆ ಬಿದ್ದುಹೋಗಲಿ. ಹೊಸದಾಗಿ ಮದುವೆಯಾದವರ ತೇಲಂಗಳದ ಕೆಳಗೆ ಎರಡು ಚುಕ್ಕಿಯ ಒಡಲುಗಳೇ ಇರಬೇಕು, ಇಲ್ಲದಿದ್ದರೆ ಆ ಜೋಡಿ ಬಾಳುವುದಿಲ್ಲ ಎಂಬುದು ಈಗ ಶಾಸ್ತ್ರವಾಗಿದೆ. ಮದುವೆಯ ಹಿಂದಿನ ದಿನ ಮುತ್ತೈದೆಯರು ಸೇರಿ ಆ ಚುಕ್ಕಿಗಳಿಗೆ ಅರಿಶಿನ ಹಚ್ಚುತ್ತಾರೆ. ನಾನು ಈವರೆಗೆ ಕೊಯ್ದ ಒಡಲುಗಳಲ್ಲಿ, ತಡವಾಗಿ ಒತ್ತಿದ ಪಾದ ಕಂಡದ್ದು ಎರಡು ಚುಕ್ಕಿಯವುಗಳಲ್ಲಿ ಮಾತ್ರ. ಎಲ್ಲದರಲ್ಲೂ ಅಲ್ಲ, ಕೆಲವು ಬಹಳ ಗಟ್ಟಿಯಾಗಿವೆ. ಆದರೆ ತಟ್ಟಿದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಸದ್ದು. ಕೊಯ್ದರೆ ಮಾತ್ರ ಗೊತ್ತಾಗುತ್ತದೆ, ಕೊಯ್ದ ಒಡಲು ಮತ್ತೆ ತೇಲುವುದಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಕೇರಿಯ ಹೊಸ ಜೋಡಿಯೊಂದು ಹೀಗೆ ಮನೆ ಮಗುಚಿ ಹೋಯಿತು. ಅವರಿಬ್ಬರೂ ಸಿಗಲಿಲ್ಲ, ಸೀಳಿದ ಒಡಲು ಸಿಕ್ಕಿತು. ಕೊಯ್ದು ನೋಡಿದೆ. ಕಂಬದ ಪಾದ ನುಣ್ಣಗೆ ಹೊಳೆಯುತ್ತಿತ್ತು, ಗೋಡೆಯನ್ನು ಯಾವತ್ತೂ ಮುಟ್ಟೇ ಇರದ ಹಾಗೆ. ಅದನ್ನು ಹೊತ್ತುಕೊಂಡು ಹೋಗಿ ಕೇರಿಯ ಸಭೆಯ ಮುಂದೆ ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು, ಎಲ್ಲರೂ ತಲೆದೂಗಿದರು. ಆಮೇಲೆ ಹಿರಿಯರೊಬ್ಬರು, "ಅವ್ರ ಜೋಡಿ ಹೊಂದ್ಲಿಲ್ಲ, ಅದಕ್ಕೇ ಒಡಲು ಬಿಟ್ಕೊಡ್ತು" ಎಂದರು. ಸಭೆ ಎದ್ದಿತು. ಸತ್ತವರ ಮೇಲೇ ತಪ್ಪು ಹೊರಿಸಿ ಊಟಕ್ಕೆ ಹೋದರು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸೋಮಿ ತಾಯಿಯಿಲ್ಲದ ಮಗು, ನಾನೇ ಸಾಕಿದ್ದು. ಅವಳ ಮದುವೆಗೆಂದು ಒಂದು ಚುಕ್ಕಿಯ ಒಡಲುಗಳನ್ನು ಒಂದೊಂದಾಗಿ ಆರಿಸಿ ಇಟ್ಟಿದ್ದೆ. ಹುಡುಗನ ತಾಯಿ ಗಣಪಿ ಬಂದು ನೋಡಿ, ಮೂಗು ಮುರಿದು, "ಒಂದ್ ಚುಕ್ಕಿ ಒಡಲು ಗಂಡ ಸತ್ತವ್ಳ ಮನೆಗೆ. ನನ್ನ ಮಗ ಬದ್ಕಿರೂದು ನಿಮಗೆ ಬ್ಯಾಡ್ವಾ?" ಎಂದು ಕೇಳಿದಳು. ನಾನು ಜಗಳಕ್ಕೆ ನಿಂತೆ. ಕೈ ಮುಗಿದೆ, ಬೈದೆ, ಅತ್ತೆ. ಕೊನೆಗೆ ನನ್ನ ಬಾಯಿ ಕಟ್ಟಿದವಳು ಸೋಮಿಯೇ. "ಅಜ್ಜೀ, ನೀ ಸುಮ್ನೆ ಹೆದ್ರಿಸ್ಬೇಡ. ಎರಡ್ ಚುಕ್ಕಿ ಇಲ್ದೇ ಹೋದ್ರೆ ಆ ಮನೇಲಿ ನಂಗೆ ಮರ್ಯಾದಿ ಉಂಟಾ?" ಆರಿಸಿದ್ದನ್ನು ಬದಿಗಿಟ್ಟು ಎರಡು ಚುಕ್ಕಿಯವನ್ನೇ ಕಟ್ಟಲು ಒಪ್ಪಿದೆ. ಅವಳು ಹೇಳಿದ್ದು ಸುಳ್ಳೂ ಅಲ್ಲ.

ಈಗ ಅವಳ ತೇಲಂಗಳ ಹೊರಗಾಲುವೆಯಲ್ಲಿದೆ, ಅಲೆ ನೇರವಾಗಿ ಬಂದು ಬಡಿಯುವ ಕಡೆ. ನೋಡಲು ಹೋದಾಗಲೆಲ್ಲ ಹಾಸಿನ ಮೇಲೆ ಎರಡೂ ಕಾಲಿನಲ್ಲಿ ಕುಪ್ಪಳಿಸಿ, "ಕಾಣು ಅಜ್ಜೀ, ಎಷ್ಟ್ ಗಟ್ಟಿ ಉಂಟು!" ಎಂದು ನಗುತ್ತಾಳೆ. ಕುಪ್ಪಳಿಸಬೇಡ ಮಾರಾಯ್ತಿ, ಹೊಟ್ಟೆಯಲ್ಲಿ ಇನ್ನೊಂದು ಜೀವ ಇದೆ ಎಂದು ಗದರುತ್ತೇನೆ. ಗದರುವುದು ಆ ಜೀವಕ್ಕಲ್ಲ, ಕೆಳಗಿನ ಕಂಬಕ್ಕೆ ಹೆದರಿ. ಪಡುವಣದಲ್ಲಿ ಮೋಡ ಕಟ್ಟತೊಡಗಿದೆ.

ಆ ಎರಡು ಚುಕ್ಕಿಯ ಪಾಳಿಯಲ್ಲಿ ನಿಮಗೆ ಏನಾಗಿತ್ತೋ ನಾನರಿಯೆ. ವಿದ್ಯುತ್ತು ಕೈಕೊಟ್ಟಿತೋ, ಬೇಗ ಬೇಗ ಎಂದು ಮೇಲಿನವರು ತಲೆ ತಿಂದರೋ, ಮನೆಯ ಚಿಂತೆಯಲ್ಲಿ ಕೈ ಒಂದು ಗಳಿಗೆ ನಿಂತಿತೋ. ಎಷ್ಟೋ ಸಲ ನಿಮಗೆ ಹಿಡಿ ಶಾಪ ಹಾಕಿದ್ದೇನೆ. ಆಮೇಲೆ, ಇವರಿಗೂ ಒಬ್ಬ ಮೊಮ್ಮಗಳು ಇರಬಹುದು ಎನ್ನಿಸಿ ವಾಪಸು ತೆಗೆದುಕೊಂಡಿದ್ದೇನೆ. ಈ ಕಾಗದವನ್ನು ಡಬ್ಬಿಯಲ್ಲಿಟ್ಟು ಇಳಿತದ ನೀರಿಗೆ ಬಿಡುತ್ತೇನೆ. ಹಿಂದಕ್ಕೆ, ನಿಮ್ಮ ಕಾಲದ ಕಡೆಗೆ, ಹೋಗುವ ದಾರಿ ಎಂದರೆ ನನಗೆ ಗೊತ್ತಿರುವುದು ಅದೊಂದೇ. ಕೇರಿಯವರು ಮುದುಕಿಗೆ ಮರುಳು ಎನ್ನುತ್ತಾರೆ, ಅನ್ನಲಿ.

ನನ್ನ ಕೋರಿಕೆ ದೊಡ್ಡದಲ್ಲ. ಗೋಡೆ ಬಿಸಿಯಿರುವಾಗಲೇ ಒತ್ತಿ. ಒತ್ತಿದ್ದನ್ನು ಗಟ್ಟಿಯಾಗುವವರೆಗೆ ಬಿಡಬೇಡಿ. ತಡವಾಯಿತು ಎಂದು ನಿಮ್ಮ ಕೈಗೆ ಅನ್ನಿಸಿದರೆ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣಲಿ, ಅದನ್ನು ಒಡೆದುಹಾಕಿ. ಸೋಮಿಯ ಮನೆಯ ಕೆಳಗೆ ಒಂದು ಒಡಲು ಕಡಿಮೆಯಾದರೆ ಇನ್ನೊಂದನ್ನು ನಾನು ಗುಡ್ಡವೆಲ್ಲ ಅಗೆದಾದರೂ ತರುತ್ತೇನೆ. ಇನ್ನೊಬ್ಬ ಸೋಮಿಯನ್ನು ಎಲ್ಲಿಂದ ತರಲಿ?