ವಾಲ್ವಿನ ಬೆನ್ನು

ತುಲುಂಗಾಗುಂಗ್, ಪೂರ್ವ ಜಾವಾ
೨೪ ಆಗಸ್ಟ್ ೨೦೦೪

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹಾಂಗ್‌ಕಾಂಗಿನಲ್ಲಿ ಈಗ ವಿಪರೀತ ಸೆಕೆಯಂತೆ. ನೀನು ಕೆಲಸಕ್ಕಿರುವ ಆ ಮನೆಯವರು ನಿನ್ನ ಕೋಣೆಗೂ ಒಂದು ಫ್ಯಾನು ಕೊಟ್ಟಿದ್ದಾರೋ ಇಲ್ಲವೋ. ನಾನು ಚೆನ್ನಾಗಿದ್ದೇನೆ, ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಅಷ್ಟೇ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯೆ, ನಾನು ಕೂಗಾಡುತ್ತೇನೆ, ಕಾರ್ಡು ಮುಗಿದುಹೋಗುತ್ತದೆ. ಅದಕ್ಕೇ, ರಜೆ ಮುಗಿಸಿ ಅಲ್ಲಿಗೇ ಹೊರಟಿರುವ ಪಕ್ಕದ ಮನೆ ಸುಮಿನಿ ಅಕ್ಕನ ಕೈಯಲ್ಲಿ ಈ ಕಾಗದ.

ಗಿಮಾನ್ ದೊಡ್ಡಪ್ಪ ಆಗಲೇ ನಿನ್ನ ಕಿವಿ ಊದಿರುತ್ತಾರೆ. ಹೌದು, ಅಪ್ಪನ ಲೇತನ್ನು ಮಾರಲು ನಾನು ಬಿಡಲಿಲ್ಲ. ಮಾರು ಎಂದವಳು ನೀನೇ ಎಂದೂ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಗ್ಯಾರೇಜಿಗೆ ಬೀಗ ಹಾಕಬೇಕು, ನಾನು ಚಿಕ್ಕಮ್ಮನ ಅಂಗಡಿಯಲ್ಲಿ ರವಿಕೆ ಹೊಲಿಯಬೇಕು ಎಂದು ನೀವೇ ತೀರ್ಮಾನಿಸಿದಿರಿ. ನನ್ನನ್ನು ಯಾರು ಕೇಳಿದಿರಿ? ಊರಿನ ದೊಡ್ಡ ರೇಸ್ ಗ್ಯಾರೇಜಿನ ಹರ್ಸೋಯೊ ಲೇತ್ ಕೊಂಡೊಯ್ಯಲು ಪಿಕಪ್ ತಂದು ಬಾಗಿಲಲ್ಲಿ ನಿಲ್ಲಿಸಿದ ದಿನ ನಾನು ಲೇತಿನ ಮೇಲೆಯೇ ಹತ್ತಿ ಕುಳಿತೆ. ದೊಡ್ಡಪ್ಪ ನಮ್ಮೂರ ಗಂಡಸರ ಚಾಳಿಯಂತೆ ಕಾಫಿ ಗಸಿಯನ್ನು ಸಿಗರೇಟಿಗೆ ಸವರುತ್ತ, "ಇಳಿಯೇ ವಿಗಾತಿ, ಮರ್ಯಾದೆ ತೆಗೀಬೇಡ" ಎಂದರು. "ಎತ್ತೋದಾದ್ರೆ ನನ್ನ ಸಮೇತ ಎತ್ಕೊಂಡು ಹೋಗಿ ದೊಡ್ಡಪ್ಪ" ಎಂದೆ. ಹರ್ಸೋಯೊ ಹೊಟ್ಟೆ ಕುಣಿಸಿ ನಕ್ಕರು. "ಒಲೆ ಮುಂದೆ ತೆಂಪೆ ತಿಂಡಿ ಕರಿಯೋ ಕೈಗೆ ವಾಲ್ವ್ ಯಾಕಮ್ಮ? ಸುಟ್ಕೋತೀಯ!" ನನಗೆ ರೇಗಿಹೋಯಿತು. "ಸ್ವಾತಂತ್ರ್ಯೋತ್ಸವದ ಬೈಕ್ ರೇಸಲ್ಲಿ ನಿಮ್ಮ ಗಾಡಿ ನನ್ನ ಗಾಡಿಗಿಂತ ಮುಂದೆ ಬಂದ್ರೆ ನಾನೇ ಲೇತಿನ ನಟ್ಟು ಬಿಚ್ಚಿ ಕೊಡ್ತೀನಿ, ಹೋಗಿ" ಎಂದುಬಿಟ್ಟೆ.

ಅಪ್ಪ ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದ, ಉದ್ದ ಕಾಲಿನ ಅಣಬೆಯಂಥ ಉಕ್ಕಿನ ತುಂಡು ನಿನಗೆ ನೆನಪಿರಬೇಕು, ನೀನು ಬೈದು ಎತ್ತಿಡುತ್ತಿದ್ದೆ. ಅದೇ ವಾಲ್ವ್. ಎಂಜಿನ್ ಉಸಿರೆಳೆಯುವ ಬಾಗಿಲು ಅದು. ನಾವು ಇಳಿದ ರೇಸಿನ ವರ್ಗದಲ್ಲಿ ಆ ಬಾಗಿಲನ್ನು ದೊಡ್ಡದು ಮಾಡುವಂತಿಲ್ಲ, ಕಂಪನಿ ಕೊಟ್ಟ ಅಳತೆಯೇ ಇರಬೇಕು. ಆದರೆ ಬಾಗಿಲಿಗೆ ಅಡ್ಡ ನಿಂತ ದಪ್ಪ ಮನುಷ್ಯನನ್ನು ಸಣ್ಣಗೆ ಮಾಡಬೇಡ ಎಂದು ಯಾರೂ ಬರೆದಿಲ್ಲವಲ್ಲ! ಅಣಬೆಯ ಕೊಡೆಯ ಕೆಳಗೆ, ಕಾಲು ಸೇರುವಲ್ಲಿ, ಗಾಳಿಗೆ ಅಡ್ಡವಾಗುವ ಉಕ್ಕನ್ನು ಲೇತಿನಲ್ಲಿ ತೆಗೆದೆ. ಅಪ್ಪ ಹೇಳಿಕೊಟ್ಟಿದ್ದೇ ಅದು. ಎಷ್ಟು ತೆಗೆಯಬೇಕು ಎಂಬುದನ್ನು ಮಾತ್ರ ಹೇಳುವ ಮೊದಲೇ ಹೊರಟುಹೋದ.

ಆಸೆಗೆ ಬಿದ್ದು ಜಾಸ್ತಿ ತೆಗೆದುಬಿಟ್ಟೆ. ಅಭ್ಯಾಸದ ದಿನ ನೇರ ದಾರಿಯಲ್ಲೇ ವಾಲ್ವಿನ ತಲೆ ಮುರಿದು ಒಳಗೆ ಬಿತ್ತು, ಪಿಸ್ಟನ್ ತೂತಾಯಿತು. ಹಿಂದಿನ ಚಕ್ರ ಕಚ್ಚಿಕೊಂಡು ಸವಾರ ಜಾತ್ಮಿಕೊ ಹುಲ್ಲಿನ ಮೇಲೆ ಉರುಳಿದ. ನಾನು ಓಡಿದೆ. ಅವನು ಎದ್ದು ಮಣ್ಣು ಕೊಡವಿಕೊಂಡು, "ಅಕ್ಕಾ, ಮುರಿಯೋ ಮುಂಚೆ ಏನು ಓಡ್ತಿತ್ತು ಗೊತ್ತಾ! ಅಂಥದ್ದೇ ಇನ್ನೊಂದು ಮಾಡು, ಮುರೀದಿರೋದು" ಎಂದ. ದೊಡ್ಡಪ್ಪ ಮಾತ್ರ, "ಅವನ ತಾಯಿಗೆ ಹೆಣ ಒಪ್ಪಿಸ್ತೀಯಾ?" ಎಂದರು. ಆ ಮಾತು ಸುಳ್ಳಲ್ಲ ಅಮ್ಮಾ, ಚುಚ್ಚಿತು. ಆದರೂ ಮುರಿದ ತುಂಡನ್ನು ಎದುರಿಗಿಟ್ಟುಕೊಂಡೇ ಹೊಸದನ್ನು ಕಡೆದೆ. ಈ ಸಲ ಕುತ್ತಿಗೆಗೆ ಬಲ ಉಳಿಸಿದೆ, ಕೊಡೆಯ ಕೆಳಗಿನ ಬೆನ್ನಿನ ಬಾಗನ್ನಷ್ಟೇ ನಯಮಾಡಿದೆ, ಅಂಚಿಗೆ ಇನ್ನೊಂದು ಸಣ್ಣ ಇಳಿಜಾರು ಕೊಟ್ಟೆ. ಅರೆಯುವ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿ, ಪೆಟ್ರೋಲ್ ಸುರಿದು ನೋಡಿದರೆ ಒಂದು ಹನಿಯೂ ಜಿನುಗಲಿಲ್ಲ. ಮೊದಲು ನಾನೇ ಓಡಿಸಿ, ಎಂಜಿನ್ ಕಿರುಚುವಷ್ಟು ತಿರುವಿ ನೋಡಿ, ಆಮೇಲೆ ಜಾತ್ಮಿಕೊನಿಗೆ ಕೊಟ್ಟೆ.

ನಾವು ಗೆಲ್ಲಲಿಲ್ಲ. ಪಕ್ಕದೂರು ಕೆದಿರಿಯವನೊಬ್ಬ ಗೆದ್ದ. ಜಾತ್ಮಿಕೊ ಮೂರನೆಯವನಾದ, ಹರ್ಸೋಯೊ ಗಾಡಿ ಅವನ ಹೊಗೆ ಕುಡಿಯುತ್ತ ನಾಲ್ಕನೆಯದಾಯಿತು. ನನಗೆ ಅಷ್ಟೇ ಬೇಕಿತ್ತು.

ತಕ್ಷಣ ಹರ್ಸೋಯೊ ದೂರು ಕೊಟ್ಟರು: "ವಾಲ್ವ್ ದೊಡ್ಡದು ಹಾಕಿದ್ದಾಳೆ, ಬಿಚ್ಚಿಸಿ!" ಎಲ್ಲರೂ ಸುತ್ತ ನೆರೆದಿದ್ದರು. ಬೇರೆಯವರಿಗೆ ಸ್ಪಾನರ್ ಮುಟ್ಟಲು ಬಿಡದೆ ವಾಲ್ವ್ ಕೂರುವ ಸಿಲಿಂಡರ್ ಹೆಡ್ಡನ್ನು ನಾನೇ ಬಿಚ್ಚಿಕೊಟ್ಟೆ. ಉಗುರು ಜಜ್ಜಿಹೋದದ್ದು ಆಗಲೇ. ಅಧಿಕಾರಿ ಎರಡು ಸಲ ಅಳೆದರು. ಕಂಪನಿಯ ಅಳತೆಯೇ! ಹರ್ಸೋಯೊ ವಾಲ್ವನ್ನು ಕಿತ್ತುಕೊಂಡು ತಿರುಗಿಸಿದರು, ಅದರ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನತ್ತ ನೋಡಿದರು.

"ಯಾರು ಕಲಿಸಿದ್ದು?"

"ಅರ್ಧ ಅಪ್ಪ. ಇನ್ನರ್ಧ ಮುರಿದು ಕಲಿತೆ."

ಮುಂದಿನ ವರ್ಷ ವಾಲ್ವಿನ ಬೆನ್ನು ಮುಟ್ಟಬಾರದೆಂದೂ ಹರ್ಸೋಯೊ ನಿಯಮ ತರಿಸುತ್ತಾರಂತೆ. ತರಲಿ. ಎಂಜಿನ್ನಿನಲ್ಲಿ ಮುಟ್ಟಲು ಬೇಕಾದಷ್ಟು ಜಾಗವಿದೆ. ಈಗ ಕೆದಿರಿಯಿಂದಲೂ ನನ್ನ ಕೈಕೆಲಸಕ್ಕೆಂದು ಸಿಲಿಂಡರ್ ಹೆಡ್‌ಗಳು ಬರುತ್ತಿವೆ. ದೊಡ್ಡಪ್ಪ ಬಂದವರಿಗೆಲ್ಲ "ನಮ್ಮ ಹುಡುಗಿ" ಎಂದು ತಾವೇ ಕಾಫಿ ತರಿಸುತ್ತಾರೆ. ನಾನು ಇನ್ನೂ ಅವರ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಹಟಮಾರಿ ಮಗಳು,
ವಿಗಾತಿ

ಮರೆತಿದ್ದೆ, ಸುಮಿನಿ ಅಕ್ಕ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ: ಮುಂದಿನ ತಿಂಗಳು ಆ ಮನೆಯವರು ಮತ್ತೆ ಒಪ್ಪಂದ ಮುಂದಿಟ್ಟರೆ ಸಹಿ ಹಾಕಬೇಡ. ಇಬ್ಬರ ಹೊಟ್ಟೆ ತುಂಬಿಸುವಷ್ಟು ಕೆಲಸ ನನಗಿದೆ. ನಾನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಅವರ ಮಗನಿಗೆ ಹನ್ನೊಂದು ತುಂಬಿತಲ್ಲ, ಅವನ ಅನ್ನ ಅವನೇ ಬಡಿಸಿಕೊಳ್ಳಲಿ. ನೀನು ಮನೆಗೆ ಬಾ. ಬಂದ ಮೇಲೆ ಎಷ್ಟು ಬೇಕಾದರೂ ಬೈಯಿ.