ದೇವರ ಗೂಡಿನ ಕೆಳಗೆ ಒಡೆದ ಜಾರ್

ಮಾರ್ಚ್ ೧೨, ಮಂಗಳವಾರ

ಇವತ್ತು ಜಪಕ್ಕೆ ಮನಸ್ಸು ಕೂಡಲಿಲ್ಲ. ದೇವರ ಗೂಡಿನ ಕೆಳಗೆ ಒಡೆದ ಮಿಕ್ಸಿ ಜಾರ್ ಇದೆ. ಅದು ಸಿಡಿದ ದಿನ ಸೊಸೆ ಅರೆಯುತ್ತಿದ್ದ ಬೇಳೆ ಅದರೊಳಗೆ ಹಾಗೇ ಹಳಸಿ ನಾರುತ್ತಿದೆ. ತೊಳೆಯದ ಲೋಟವನ್ನೂ ದೇವರ ಕೋಣೆಗೆ ಬಿಡದವಳು ನಾನು. ಏನು ಮಾಡಲಿ, ಈ ಮನೆಯಲ್ಲಿ ಯಾರೂ ಕೈಯಾಡಿಸದ ಜಾಗ ಅದೊಂದೇ. ತೊಳೆಯಬೇಡಿ, ಯಾರಿಗೂ ಕೊಡಬೇಡಿ ಎಂದಿದ್ದಾರೆ ಮಿಕ್ಸಿ ಕಂಪನಿ ಮೇಲೆ ನಮ್ಮ ಕೇಸು ನಡೆಸುವ ವಕೀಲರು.

"ದೇವರೇ ಸಾಕ್ಷಿ ಸ್ವಾಮಿ, ಹೊಸಾ ಮಿಕ್ಸಿ, ತಾನಾಗೇ ಸಿಡೀತು" ಅಂದಿದ್ದೆ.

"ದೇವರು ಕೋರ್ಟಿಗೆ ಬರಲ್ಲಮ್ಮ, ಈ ಜಾರ್ ಬರುತ್ತೆ" ಅಂದಿದ್ದರು.

ಸಂಜೆ ಕಂಪನಿಯವನು ಬಂದ. ಒಡೆದದ್ದನ್ನು ಕೊಟ್ಟರೆ ಹೊಸದು ಪುಕ್ಕಟೆಯಂತೆ. ನಮ್ಮ ಯಜಮಾನರು ಆಗಲೇ ಡಬ್ಬ ಬಿಚ್ಚುತ್ತಿದ್ದರು.

"ಮಿಕ್ಸಿಗೆ ಮಿಕ್ಸಿ ತಂದೆ. ಹೋದ ಕಣ್ಣಿಗೆ ಏನಪ್ಪಾ ತಂದೆ?" ಎಂದೆ.

"ಮುಚ್ಚಳ ಸರಿಯಾಗಿ ಹಾಕಿದ್ರಾ ಅಂತ ಮೊದಲು ನಿಮ್ಮ ಸೊಸೇನ ಕೇಳಿ" ಎಂದು ಡಬ್ಬ ಎತ್ತಿಕೊಂಡು ಹೋದ.

ಅದು ಅವಳ ಕಿವಿಗೂ ಬಿತ್ತು. ಊಟಕ್ಕೆ ಎಬ್ಬಿಸಿದರೆ, ಪಟ್ಟಿ ಕಟ್ಟಿದ ಮುಖವನ್ನು ಗೋಡೆಗೆ ತಿರುಗಿಸಿ, "ಅತ್ತೆ, ನಾನೇ ಸರಿಯಾಗಿ ಹಾಕ್ಲಿಲ್ವೇನೋ" ಅಂದಳು.

"ಹುಚ್ಚಿ, ನಾನು ಪಕ್ಕದಲ್ಲೇ ಇರ್ಲಿಲ್ವಾ? ನೀನು ಒತ್ತಿ ಹಾಕಿದ್ದನ್ನ ಕಣ್ಣಾರೆ ನೋಡಿದೀನಿ."

ಆಮೇಲೆ ಎರಡು ತುತ್ತು ಉಂಡಳು. "ಕೋರ್ಟಲ್ಲೂ ಹೀಗೇ ಹೇಳ್ತೀರಲ್ವಾ ಅತ್ತೆ?" ಎಂದು ನನ್ನ ಕೈ ಹಿಡಿದುಕೊಂಡಳು. ಹೂಂ ಅಂದೆ.

ದೇವರು ಕೋರ್ಟಿಗೆ ಬರುವುದಿಲ್ಲ. ಬರಬೇಕಾದವಳು ನಾನು, ಆಣೆ ಇಡಬೇಕಾದದ್ದು ಅವನ ಮೇಲೆ. ಜಪಕ್ಕೆ ಮನಸ್ಸು ಕೂಡದಿರುವುದು ಆ ನಾತಕ್ಕಲ್ಲ. ಜಾರ್ ಸಿಡಿದಾಗ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಸದ್ದು ಕೇಳಿ ಒಳಗೆ ಓಡಿ ಬಂದೆ; ಅವಳು ಮುಚ್ಚಳ ಹಾಕಿದ್ದನ್ನು ನಾನು ನೋಡಿಯೇ ಇಲ್ಲ.